ವೇಷದ ಮರೆಯ ಗೆಳೆಯ

ನಾರ್ವೆಯ ಮಾಟ್ಸ್ ಸ್ಟೀನ್ 2014ರಲ್ಲಿ ತೀರಿಕೊಂಡಾಗ ಅವನಿಗೆ 25 ವರ್ಷ. ಡುಶೆನ್ ಎಂಬ ಸ್ನಾಯುಕ್ಷಯ ರೋಗ ಅವನನ್ನು ಬಾಲ್ಯದಲ್ಲೇ ಗಾಲಿಕುರ್ಚಿಗೆ ಕಟ್ಟಿಹಾಕಿತ್ತು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಗಣಕದ ಆಟದಲ್ಲೇ ದಿನ ಕಳೆದ ಮಗ ಗೆಳೆತನದ ಸುಖ ಕಾಣದೆ ಹೋದನಲ್ಲ ಎಂದು ತಂದೆತಾಯಿ ಮರುಗಿದರು. ಸಾವಿನ ಸುದ್ದಿಯನ್ನು ಅವನ ಬ್ಲಾಗಿನಲ್ಲಿ ಪ್ರಕಟಿಸಿದಾಗ ದೇಶದೇಶಗಳಿಂದ ಸಂತಾಪದ ಮಿಂಚಂಚೆಗಳು ಹರಿದುಬಂದವು. ಆಟದೊಳಗೆ ಅವನು ‘ಇಬೆಲಿನ್’: ಓಡಬಲ್ಲವನು, ಪರರ ದುಃಖಕ್ಕೆ ಕಿವಿಗೊಡುವವನು. ಅಂತ್ಯಕ್ರಿಯೆಗೆ ಕೆಲವರು ಹೊರದೇಶಗಳಿಂದಲೇ ಬಂದರು.

ಆ ಗೆಳೆಯರಿಂದ ಅವನು ತನ್ನ ಕಾಯಿಲೆಯನ್ನು ಬಹುಕಾಲ ಮುಚ್ಚಿಟ್ಟಿದ್ದ. ಇದು ವಂಚನೆಯೆ? ಹಾಗೆನ್ನಲು ನನ್ನ ಮನಸ್ಸೊಪ್ಪದು. ಲಾಭಕ್ಕಾಗಿ ಮುಖ ಮರೆಸುವವರು ಆ ಲೋಕದಲ್ಲೂ ಇದ್ದಾರೆ, ನಿಜ. ಆದರೆ ಕುರ್ಚಿಯನ್ನು ಕಂಡವರು ಅದರಲ್ಲಿ ಕುಳಿತವನನ್ನು ಕಾಣುವುದು ಅಪರೂಪ. ಕಾಣಿಸಿಕೊಳ್ಳಲು ಅವನಿಗೆ ಮರೆಯೇ ಬೇಕಾಯಿತು. ವೇಷವೆಂದರೆ ಸುಳ್ಳಲ್ಲವೆಂದು ಬಯಲಾಟ ನೋಡಿ ಬೆಳೆದ ಕಾಸರಗೋಡಿನವರಾದ ನಮಗೆ ಬೇರೆ ಹೇಳಬೇಕಿಲ್ಲ. ಆದರೂ ಬಯಲಾಟದ ವೇಷ ಬೆಳಗಾದರೆ ಚೌಕಿಯಲ್ಲಿ ಕಳಚುತ್ತದೆ. ಮಾಟ್ಸ್ ಅದನ್ನು ಕಳಚಲು ವರ್ಷಗಳೇ ಹಿಡಿದವು. ಕೊನೆಗೆ ಬ್ಲಾಗಿನಲ್ಲಿ ಎಲ್ಲವನ್ನೂ ಬರೆದ; ಗೆಳೆಯರು ದೂರವಾಗಲಿಲ್ಲ.

ಅಕ್ಕರೆಯಿಂದ ಸಾಕಿದ ತಂದೆತಾಯಿಗೆ ಈ ಬಾಳಿನ ವಿಸ್ತಾರ ತಿಳಿದದ್ದು ಸಾವಿನ ಬಳಿಕ. ಪರದೆಯ ಮುಂದೆ ಕುಳಿತ ಮೊಮ್ಮಗನನ್ನು ‘ಸಾಕು, ಏಳು’ ಎಂದು ನಾನು ಎಷ್ಟೋ ಬಾರಿ ಗದರಿದ್ದೇನೆ. ಅತ್ತ ಕಡೆ ಯಾರಿದ್ದಾರೆಂದು ಒಮ್ಮೆಯೂ ಕೇಳಿಲ್ಲ.