ಇಲ್ಲದ ಪ್ರಾಣಿಯ ಇಲ್ಲದ ರೆಕ್ಕೆ

ಕಳೆದ ವರ್ಷ ದಸರಾ ರಜೆಯಲ್ಲಿ ನನ್ನ ಮಗಳು ನನ್ನ ಜೊತೆ ನಾಲ್ಕು ದಿನ ಮಾತು ಬಿಟ್ಟಿದ್ದಳು. ನಾನು ಒಂದು ಪ್ರಾಣಿಗೆ ರೆಕ್ಕೆ ಹಚ್ಚಿದ್ದೆ ಅನ್ನುವುದು ಕಾರಣ. ಆ ಪ್ರಾಣಿ ಭೂಮಿಯ ಮೇಲೆ ಎಲ್ಲೂ ಇಲ್ಲ. ಹಾಗಾಗಿ ನಾನು ಮಾಡಿದ್ದು ತಪ್ಪೇ ಅಲ್ಲವೇ ಅನ್ನುವ ಪ್ರಶ್ನೆ ಇನ್ನೂ ತಲೆಯಿಂದ ಇಳಿದಿಲ್ಲ.

ಸ್ವಲ್ಪ ಹಿಂದಿನಿಂದ ಹೇಳಬೇಕು. ಕೋವಿಡ್ ಕಾಲ, ಪುಣೆಯ ನಮ್ಮ ಎರಡು ಕೋಣೆಯ ಫ್ಲ್ಯಾಟು. ಒಂದರಲ್ಲಿ ನನ್ನ ಕಾಲ್‌ಗಳು, ಇನ್ನೊಂದರಲ್ಲಿ ಅವಳ ಆನ್‌ಲೈನ್ ಶಾಲೆ. ಅವಳಿಗಾಗ ಹನ್ನೆರಡು. ಟ್ಯಾಬ್ಲೆಟ್ಟಿನಲ್ಲಿ ಚಿತ್ರ ಬರೆಯುತ್ತಾ ಬರೆಯುತ್ತಾ ಅವಳು ಒಂದು ಲೋಕಕ್ಕೆ ಹೋಗಿ ಸೇರಿಕೊಂಡಳು. ಅಲ್ಲಿ ಚಿತ್ರಕಾರರು ಹೊಸ ಪ್ರಾಣಿಗಳನ್ನು ಹುಟ್ಟಿಸುತ್ತಾರೆ. ಒಂದೊಂದಾಗಿ ಅಲ್ಲ, ಇಡೀ ಪ್ರಭೇದವನ್ನೇ. ಅದು ಎಲ್ಲಿ ವಾಸ, ಏನು ತಿನ್ನುತ್ತದೆ, ಹೆದರಿದರೆ ಏನು ಮಾಡುತ್ತದೆ, ಕಿವಿ ಎಷ್ಟು ಬಗೆಯದಿರಬಹುದು, ಅದರಲ್ಲಿ ಯಾವುದು ಸಾಮಾನ್ಯ, ಯಾವುದು ಅಪರೂಪ ಎಂದು ಪಟ್ಟಿ ಮಾಡುತ್ತಾರೆ. ಆಮೇಲೆ ಆ ಪ್ರಭೇದದ ಒಂದೊಂದೇ ಜೀವವನ್ನು ಬರೆದು ದತ್ತು ಕೊಡುತ್ತಾರೆ. ಕೆಲವು ಪುಕ್ಕಟೆ, ಕೆಲವಕ್ಕೆ ದುಡ್ಡು. ದುಡ್ಡು ಕೊಟ್ಟರೂ ಯಾರೂ ‘ಕೊಂಡೆ’ ಅನ್ನುವುದಿಲ್ಲ, ‘ಅಡಾಪ್ಟ್ ಮಾಡಿಕೊಂಡೆ’ ಅನ್ನುತ್ತಾರೆ. ದೊಡ್ಡ ಪಟ್ಟಿಯಲ್ಲಿ ಅದಕ್ಕೊಂದು ನಂಬರು ಬೀಳುತ್ತದೆ, ಎದುರಿಗೆ ಸಾಕಿದವರ ಹೆಸರು. ಅದೇ ಜೀವ ಇನ್ನೊಬ್ಬರಿಗೆ ಸಿಗುವುದಿಲ್ಲ. ಹುಟ್ಟಿಸಿದವರ ಒಪ್ಪಿಗೆ ಇಲ್ಲದೆ ಆ ಪ್ರಭೇದದ ಹೊಸ ಪ್ರಾಣಿಯನ್ನು ಯಾರೂ ಬರೆಯುವಂತಿಲ್ಲ. ಇದಕ್ಕೆ ಕ್ಲೋಸ್ಡ್ ಸ್ಪೀಶೀಸ್ ಎಂದು ಹೆಸರು.

ನಮ್ಮ ಮನೆಗೆ ಬಂದದ್ದು ಹೆಚ್ಚುಕಡಿಮೆ ಪುನುಗು ಬೆಕ್ಕಿನ ಗಾತ್ರದ್ದು. ಬೆನ್ನ ಮೇಲೆ ಪಾಚಿ ಬೆಳೆದಿದೆ, ಕಿವಿ ಎಲೆಯ ಹಾಗೆ, ಹೆದರಿದರೆ ಬೆನ್ನಿನ ಹಸಿರೆಲ್ಲ ಮುಟ್ಟಿದರೆ ಮುನಿಯಂತೆ ಮುದುಡಿಕೊಳ್ಳುತ್ತದೆ. (ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ. ಪ್ರಭೇದದ ಹೆಸರನ್ನೂ ಹೇಳುತ್ತಿಲ್ಲ, ಮಗಳ ಅಪ್ಪಣೆ ಸಿಕ್ಕಿಲ್ಲ.) ಅದನ್ನು ಹುಟ್ಟಿಸಿದ್ದು ಫಿಲಿಪೀನ್ಸ್‌ನ ಒಬ್ಬ ಕಾಲೇಜು ಹುಡುಗಿ. ಇಪ್ಪತ್ತೈದು ಡಾಲರು ನನ್ನ ಕಾರ್ಡಿನಿಂದಲೇ ಹೋಯಿತು. ‘ಹುಟ್ಟುಹಬ್ಬಕ್ಕೆ ಬೇರೆ ಏನೂ ಕೇಳಬಾರದು’ ಅನ್ನುವ ಕರಾರಿನ ಮೇಲೆ ಕೊಟ್ಟಿದ್ದೆ. ಮಗಳು ಅದಕ್ಕೆ ‘ಪಾಚಿ’ ಎಂದು ಹೆಸರಿಟ್ಟಳು. ಹಾಸನದಿಂದ ಬಂದಿದ್ದ ನಮ್ಮಮ್ಮ, ‘ಪಾಚ್ಕೊಳೋದು ಬಿಟ್ರೆ ಬೇರೆ ಕೆಲ್ಸ ಇಲ್ವೇನೇ ಇದಕ್ಕೆ?’ ಎಂದು ಕೇಳಿದ್ದಕ್ಕೆ ಆ ಹೆಸರು ಇನ್ನೂ ಗಟ್ಟಿಯಾಯಿತು. ಮಗಳು ಬರೆದ ಪಾಚಿಯ ಚಿತ್ರವೊಂದು ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಮೂರು ವರ್ಷದಿಂದ ಅಂಟಿಕೊಂಡಿತ್ತು.

ಹೋದ ವರ್ಷ ನಮ್ಮ ಪ್ರಾಜೆಕ್ಟಿನ ದೊಡ್ಡ ರಿಲೀಸು. ಟೀಮಿಗೊಂದು ಮ್ಯಾಸ್ಕಾಟ್ ಇದ್ದರೆ ಚೆಂದ ಎಂದು ಯಾರೋ ಹೇಳಿದರು. ನಾನು ಫ್ರಿಜ್ಜಿನ ಮೇಲಿನ ಪಾಚಿಯ ಫೋಟೋ ತೆಗೆದೆ. ವೇಗದ ಸಂಕೇತ ಇರಲಿ ಎಂದು ಎರಡು ರೆಕ್ಕೆ ಸೇರಿಸಿದೆ. ಕೆಳಗೆ ಪ್ರಾಜೆಕ್ಟಿನ ಹೆಸರು ಹಾಕಿ ಅರವತ್ತು ಸ್ಟಿಕ್ಕರ್ ಪ್ರಿಂಟ್ ಮಾಡಿಸಿದೆ. ಮಗಳಿಗೆ ಖುಷಿಯಾಗುತ್ತದೆ ಎಂದೇ ಒಂದನ್ನು ಮನೆಗೆ ತಂದು ತೋರಿಸಿದೆ. ಅವಳು ನೋಡಿದಳು. ಯಾಕೆ ಕೇಳಲಿಲ್ಲ ಎಂದಾಗಲಿ, ಕದ್ದೆ ಎಂದಾಗಲಿ ಅವಳು ಮೊದಲು ಹೇಳಲಿಲ್ಲ.

‘ಅಪ್ಪ, ಇದಕ್ಕೆ ರೆಕ್ಕೆ ಇಲ್ಲ.’

‘ಇರೋ ಪ್ರಾಣಿ ಆಗಿದ್ರೆ ತಾನೇ ರೆಕ್ಕೆ ಇಲ್ಲ ಅನ್ನೋದು ಪುಟ್ಟಿ?’ ಎಂದು ನಕ್ಕೆ.

‘ಇಲ್ಲ ಅಂದ್ಮೇಲೆ ನೀನು ರೆಕ್ಕೆ ಹಾಕಿದ್ದು ಯಾವುದಕ್ಕೆ?’

ಇಲ್ಲಿಗೆ ಮಾತು ನಿಂತಿತು. ಆಮೇಲಿನ ನಾಲ್ಕು ದಿನ ನಾನು ನನ್ನ ಜೊತೆಯೇ ವಾದ ಮಾಡಿಕೊಂಡೆ. ಪ್ರಾಜೆಕ್ಟ್ ಮ್ಯಾನೇಜರುಗಳಿಗೆ ಇದು ಅಭ್ಯಾಸ.

ಮೊದಲನೆಯ ವಾದ ಎಲ್ಲರಿಗೂ ಹೊಳೆಯುವಂಥದ್ದೇ. ನಮ್ಮ ತರ್ಕಶಾಸ್ತ್ರದವರು ಇಲ್ಲದ ವಸ್ತುವಿಗೆ ಉದಾಹರಣೆ ಬೇಕಾದಾಗಲೆಲ್ಲ ಮೊಲದ ಕೊಂಬು, ಆಕಾಶದ ಹೂವು, ಬಂಜೆಯ ಮಗ ಎಂದು ಎಣಿಸುತ್ತಾರೆ. ಮೊಲದ ಕೊಂಬು ಉದ್ದವೋ ಗಿಡ್ಡವೋ ಎಂದು ಜಗಳವಾಡುವವನು ಮೂರ್ಖ. ಪಾಚಿಯನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದರೆ ನನ್ನ ಕೇಸು ಗೆದ್ದಂತೆ. ಆದರೆ ನಿಲ್ಲಿಸಲು ಆಗಲಿಲ್ಲ. ಮೊಲದ ಕೊಂಬಿನ ಬಗ್ಗೆ ಯಾರೂ ಏನನ್ನೂ ಗೊತ್ತು ಮಾಡಿಲ್ಲ, ಪಾಚಿಯ ಬಗ್ಗೆ ಮಾಡಿದ್ದಾರೆ. ಅದಕ್ಕೆ ರೆಕ್ಕೆ ಇಲ್ಲ ಅನ್ನುವುದು ನೂರಾರು ಜನ ತಿಳಿದು ಒಪ್ಪಿಕೊಂಡಿರುವ ವಿಷಯ. ನಾನು ಆ ಮಾತಿನಲ್ಲಿ ತಪ್ಪಿದೆ, ತಪ್ಪಲು ಸಾಧ್ಯವಾಯಿತು. ಚದುರಂಗದಲ್ಲಿ ಕುದುರೆಯನ್ನು ನೇರಕ್ಕೆ ನಡೆಸಿದವನಿಗೆ ‘ಕುದುರೆ ಹಾಗೆ ಹೋಗಲ್ಲ’ ಅಂದರೆ, ಅವನು ‘ಮರದ ತುಂಡು ತಾನೇ’ ಅನ್ನುವ ಹಾಗಿಲ್ಲ. ಇನ್ನೂ ಮುಂದೆ ಹೋಗಿ ನೋಡಿದರೆ ನಾನು ದಿನವಿಡೀ ಬದುಕುವುದೂ ಇಂಥವುಗಳ ನಡುವೆಯೇ. ‘ಸ್ಪ್ರಿಂಟ್’ ಎಂಬುದು ಎಲ್ಲಿದೆ? ಅದು ಮುಗಿಯಲಿಲ್ಲ ಎಂದು ಜನ ರಾತ್ರಿ ಹನ್ನೆರಡರವರೆಗೆ ಕೂರುತ್ತಾರಲ್ಲ.

ಎರಡನೆಯದು ಕಾನೂನಿನ ವಾದ. ಇದನ್ನು ಸ್ವಲ್ಪ ಹುಡುಕಿ ಓದಿದೆ. ನಮ್ಮ ದೇಶದಲ್ಲಿ ಇದರ ದೊಡ್ಡ ತೀರ್ಪು 1978ರದ್ದು, ಆರ್. ಜಿ. ಆನಂದ್ ಎಂಬ ನಾಟಕಕಾರರ ಕೇಸು. ಅವರ ‘ಹಮ್ ಹಿಂದುಸ್ತಾನಿ’ ನಾಟಕದಲ್ಲಿ ದೆಹಲಿಯಲ್ಲಿ ಅಕ್ಕಪಕ್ಕದಲ್ಲಿರುವ ಒಂದು ಪಂಜಾಬಿ ಮತ್ತು ಒಂದು ಮದ್ರಾಸಿ ಸಂಸಾರ, ಮಕ್ಕಳ ಪ್ರೀತಿ, ಹಿರಿಯರ ಪ್ರಾಂತಾಭಿಮಾನ. ‘ನ್ಯೂ ಡೆಲ್ಲಿ’ ಎಂಬ ಸಿನಿಮಾ ತಮ್ಮ ನಾಟಕವನ್ನೇ ನಕಲು ಮಾಡಿದೆ ಎಂದು ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು, ಸೋತರು. ವಿಚಾರಕ್ಕೆ, ವಸ್ತುವಿಗೆ, ಕಥೆಯ ಎಳೆಗೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ಹೇಳಿದ ರೂಪಕ್ಕೆ ಮಾತ್ರ ಇದೆ ಎಂದು ಕೋರ್ಟು ಹೇಳಿತು. (ಪರಊರಿನಲ್ಲಿ ನೆಲೆಸಿದವರ ಕಥೆ ಯಾರಪ್ಪನ ಸೊತ್ತೂ ಅಲ್ಲ ಎಂದು ನಾನು ಅರ್ಥ ಮಾಡಿಕೊಂಡೆ. ನಮ್ಮಂಥವರಿಗೆ ಸಮಾಧಾನ.) ಅದೇ ಅಳತೆಗೋಲು ಹಿಡಿದರೆ ಆ ಫಿಲಿಪೀನ್ಸ್ ಹುಡುಗಿ ಬರೆದ ಚಿತ್ರ ಅವಳದ್ದು, ಆದರೆ ‘ಬೆನ್ನ ಮೇಲೆ ಪಾಚಿ ಬೆಳೆದ ಪುಟ್ಟ ಪ್ರಾಣಿ’ ಎಂಬ ವಿಚಾರ ಅವಳದ್ದಲ್ಲ. ಪ್ರಭೇದಕ್ಕೆ ಬೀಗ ಹಾಕಿದ್ದೇನೆ ಅನ್ನುವುದು ಕೋರ್ಟಿನಲ್ಲಿ ನಿಲ್ಲುವ ಮಾತಲ್ಲ.

ಮೂರನೆಯ ವಾದ ನಮ್ಮ ಜಿಲ್ಲೆಯದ್ದೇ. ಬೇಲೂರಿನ ಗುಡಿಯಲ್ಲಿ ಗೈಡುಗಳು ಮಕರವನ್ನು ತೋರಿಸಿ ಬೆರಳು ಮಡಿಸುತ್ತಾ ಎಣಿಸುತ್ತಾರೆ: ಮೊಸಳೆಯ ಬಾಯಿ, ಆನೆಯ ಸೊಂಡಿಲು, ಹಂದಿಯ ಮೈ, ಸಿಂಹದ ಕಾಲು, ಮಂಗನ ಕಣ್ಣು, ಹಸುವಿನ ಕಿವಿ, ನವಿಲಿನ ಬಾಲ. ಮಗಳ ಪ್ರಾಣಿಲೋಕದ ಲಕ್ಷಣಪಟ್ಟಿಗೂ ಇದಕ್ಕೂ ಏನು ವ್ಯತ್ಯಾಸ? ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಕಂಬದ ಮೇಲಿನ ಗಂಡಭೇರುಂಡ ಕೆಳದಿಯ ಗುಡಿಯ ಚಾವಣಿಯಲ್ಲೂ ಇದೆ, ಮೈಸೂರು ಅರಸರ ಲಾಂಛನದಲ್ಲೂ ಇದೆ, ಈಗ ಕರ್ನಾಟಕ ಸರ್ಕಾರದ ಕಾಗದದ ಮೇಲೂ ಇದೆ. ಯಾರೂ ಯಾರನ್ನೂ ಕೇಳಲಿಲ್ಲ. ಹೊಯ್ಸಳರ ಶಿಲ್ಪಿಗಳು ಹೆಸರು ಬಿಟ್ಟುಕೊಟ್ಟವರೇನಲ್ಲ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ, ಮಲ್ಲಿತಮ್ಮ, ಇವರೆಲ್ಲ ತಾವು ಕಡೆದ ವಿಗ್ರಹದ ಕೆಳಗೆ ಸಹಿ ಕೆತ್ತಿದವರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಆದರೆ ಅವರ ಸಹಿ ಇದ್ದದ್ದು ಈ ಕಲ್ಲಿನ ಮೇಲೆ, ಈ ಕೆತ್ತನೆಯ ಮೇಲೆ. ಇನ್ನು ಮುಂದೆ ಮಕರವನ್ನು ನನ್ನನ್ನು ಕೇಳದೆ ಯಾರೂ ಕೆತ್ತಬಾರದು ಎಂದು ಯಾರೂ ಬರೆಸಲಿಲ್ಲ. ಬರೆಸಿದ್ದಿದ್ದರೆ ನಮಗೆ ಸೋಮನಾಥಪುರದ ಮಕರಗಳು ಇರುತ್ತಿರಲಿಲ್ಲ.

ಇದು ನನ್ನ ಗಟ್ಟಿ ವಾದ. ಈಗಲೂ ಪೂರ್ತಿ ಬಿಟ್ಟಿಲ್ಲ. ಅದಕ್ಕೆ ಇನ್ನೊಂದು ಕಾರಣ ಭಾಷೆಯಲ್ಲೇ ಇದೆ. ಸ್ಪೀಶೀಸ್ ಎಂಬುದಕ್ಕೆ ನಾನು ‘ಪ್ರಭೇದ’ ಎಂದು ನಯವಾಗಿ ಬರೆಯುತ್ತಿದ್ದೇನೆ, ನಮ್ಮಮ್ಮನಿಗೆ ವಿವರಿಸುವಾಗ ಬಾಯಿಗೆ ಬಂದದ್ದು ‘ಜಾತಿ’. ಕ್ಲೋಸ್ಡ್ ಸ್ಪೀಶೀಸ್ ಅಂದರೆ ಹೊರಗಿನವರಿಗೆ ಮುಚ್ಚಿದ ಜಾತಿ. ಹೇಳಿದ ಮೇಲೆ ನಾನೇ ತಡವರಿಸಿದೆ. ಯಾರು ಒಳಗೆ, ಯಾರು ಹೊರಗೆ, ಯಾವ ಕಿವಿ ಮೇಲು, ಯಾವ ಕಿವಿ ಸಾಮಾನ್ಯ, ಯಾರ ಹೆಸರು ಪಟ್ಟಿಯಲ್ಲಿದೆ. ಇಷ್ಟನ್ನೆಲ್ಲ ಬಿಟ್ಟು ಬರಲು ನಮ್ಮ ಹಿರಿಯರು ಒದ್ದಾಡಿದರು. ಈ ಮಕ್ಕಳು ಹೊಸದಾಗಿ ಒಂದು ಲೋಕ ಕಟ್ಟಿಕೊಳ್ಳುವಾಗ ಮತ್ತೆ ಅದೇ ಬೇಲಿಯಿಂದ ಶುರು ಮಾಡಬೇಕೇ? ಅಪರೂಪದ ಲಕ್ಷಣಕ್ಕೆ ಹೆಚ್ಚು ಬೆಲೆ, ಅದು ದೊಡ್ಡವರ ಮಕ್ಕಳ ಕೈಗೆ. ಅಲ್ಲಿ ಜಗಳಗಳೂ ಆಗುತ್ತವೆ. ನನ್ನ ಪ್ರಾಣಿಯ ಹಾಗಿದೆ ಎಂದು ಒಬ್ಬರ ಮೇಲೊಬ್ಬರು ಬಿದ್ದು, ಹದಿಮೂರು ವರ್ಷದ ಮಗುವನ್ನು ಎಲ್ಲರೂ ಸೇರಿ ಹೊರಗಟ್ಟಿದ್ದನ್ನು ಮಗಳೇ ಒಮ್ಮೆ ಹೇಳಿದ್ದಳು. ಇದನ್ನು ನಾನು ಒಪ್ಪುವುದಿಲ್ಲ.

ಐದನೆಯ ದಿನ ಈ ಮೂರೂ ವಾದಗಳನ್ನು ಮಗಳ ಮುಂದಿಟ್ಟೆ. ಜಾತಿಯ ಮಾತಿಗೆ ಅವಳು ತಲೆ ಆಡಿಸಿದಳು. ಮಕರ ಅವಳಿಗೆ ಇಷ್ಟವಾಯಿತು. ಆದರೆ ಆಮೇಲೆ ಕೇಳಿದ್ದು ಇಷ್ಟು: ‘ಅದೆಲ್ಲ ಸರಿ ಅಪ್ಪ. ಆದ್ರೆ ನಾನು ಹೂಂ ಅಂದಿದ್ದೆ ಅಲ್ವಾ?’

ಪಾಚಿಯನ್ನು ಪಡೆಯುವಾಗ ಅವಳು ಒಂದು ಪುಟದ ನಿಯಮಗಳಿಗೆ ಒಪ್ಪಿದ್ದಳು. ಪ್ರಭೇದದ ಲಕ್ಷಣ ಮೀರುವುದಿಲ್ಲ, ಯಾವ ವ್ಯಾಪಾರಕ್ಕೂ ಕಂಪನಿಗೂ ಬಳಸುವುದಿಲ್ಲ, ಬೇಡವಾದರೆ ಎಸೆಯದೆ ಬೇರೆ ಮನೆ ಹುಡುಕಿ ಕೊಡುತ್ತೇನೆ ಎಂದು. ನಾನು ದಿನಕ್ಕೆ ಹತ್ತು ಕಡೆ ಓದದೆ ‘ಐ ಅಗ್ರೀ’ ಒತ್ತುವವನು. ಅವಳು ಓದಿ ಒತ್ತಿದ್ದಳು. ಅದನ್ನು ಬೇಕಾದಾಗ ಕಳಚಿಕೊಳ್ಳಲು ನನ್ನ ಹತ್ತಿರ ಸುಪ್ರೀಂ ಕೋರ್ಟು, ಹೊಯ್ಸಳ ಶಿಲ್ಪ, ಜಾತಿವಿರೋಧ ಮೂರೂ ಇದ್ದವು. ಅವು ಮೂರೂ ಆ ನಿಯಮ ಒಳ್ಳೆಯದೇ ಎಂಬ ಪ್ರಶ್ನೆಗೆ ಉತ್ತರಗಳು. ಅವಳ ಪ್ರಶ್ನೆ ಬೇರೆ. ಮಕರವನ್ನು ಕೆತ್ತಿದವರು ಯಾರಿಗೂ ಮಾತು ಕೊಟ್ಟಿರಲಿಲ್ಲ, ಅವಳು ಕೊಟ್ಟಿದ್ದಳು. ನಾನು ಮುರಿದದ್ದು ನಾನು ಕೊಡದ ಮಾತನ್ನು, ಮಗಳದ್ದನ್ನು, ಅವಳ ಬೆನ್ನ ಹಿಂದೆ.

ನಮ್ಮ ಕಸುಬಿನವರು ಇದಕ್ಕೊಂದು ಉಪಾಯ ಮಾಡಿ ನೋಡಿದ್ದಾರೆ. 2017ರ ಕೊನೆಯಲ್ಲಿ ಕ್ರಿಪ್ಟೋಕಿಟ್ಟೀಸ್ ಎಂಬ ಕಾರ್ಟೂನ್ ಬೆಕ್ಕುಗಳು ಬಂದವು. ಇವೂ ಇಲ್ಲದ ಪ್ರಾಣಿಗಳೇ, ಇವಕ್ಕೂ ಅಪರೂಪದ ಲಕ್ಷಣಗಳು, ಆದರೆ ಯಾವುದು ಯಾರದ್ದೆಂಬ ಲೆಕ್ಕ ಇಥೀರಿಯಂ ಬ್ಲಾಕ್‌ಚೈನಿನ ಮೇಲೆ. ಯಾರ ಮಾತನ್ನೂ ನಂಬಬೇಕಿಲ್ಲ, ಗಣಿತವೇ ಸಾಕ್ಷಿ. ಒಂದು ಬೆಕ್ಕು ಲಕ್ಷ ಡಾಲರಿಗೂ ಮೀರಿ ಹೋಯಿತು, ಬೆಕ್ಕುಗಳ ವ್ಯವಹಾರಕ್ಕೆ ಇಡೀ ಇಥೀರಿಯಂ ಜಾಲವೇ ಕೆಲ ದಿನ ಉಬ್ಬಸ ಪಟ್ಟಿತು. ಆ ದಿನಗಳಲ್ಲಿ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಯಾವ ಬೆಕ್ಕಿಗೆ ಎಷ್ಟು ರೇಟು ಎಂದು ಚರ್ಚೆ ಆಗುತ್ತಿತ್ತು. ಆ ಬೆಕ್ಕು ಏನು ತಿನ್ನುತ್ತದೆ, ಹೆದರಿದರೆ ಏನು ಮಾಡುತ್ತದೆ ಎಂದು ಒಬ್ಬರೂ ಕೇಳಿದ್ದು ನೆನಪಿಲ್ಲ. ಬೀಗ ಗಟ್ಟಿಯಿತ್ತು, ಒಳಗೆ ಯಾರೂ ವಾಸವಿರಲಿಲ್ಲ. ಮಗಳ ಲೋಕದಲ್ಲಿ ಬೀಗ ಕಾಗದದ್ದು. ಯಾರು ಬೇಕಾದರೂ ಚಿತ್ರ ಉಳಿಸಿಕೊಂಡು ರೆಕ್ಕೆ ಹಚ್ಚಬಹುದು, ನಾನೇ ಸಾಕ್ಷಿ. ಆದರೂ ಬಹುಪಾಲು ಜನ ಹಚ್ಚುವುದಿಲ್ಲ.

ಹಾಗಾದರೆ ಅವಳ ಋಣ ಯಾರಿಗೆ? ಆ ಹುಡುಗಿಗೆ, ಜೊತೆಯವರಿಗೆ, ಅಂದರೆ ಮನುಷ್ಯರಿಗೆ ಎಂಬುದು ನನ್ನ ಉತ್ತರ. ಪಾಚಿ ಆ ಮಾತು ಕೂತಿರುವ ಜಾಗ ಅಷ್ಟೆ. ಮಗಳು ಇದನ್ನು ಒಪ್ಪುವುದಿಲ್ಲ. ‘ಅವರೆಲ್ಲ ನಾಳೆ ಬಿಟ್ಟು ಹೋದ್ರೂ ನಾನು ಪಾಚಿಗೆ ರೆಕ್ಕೆ ಹಾಕಲ್ಲ’ ಅನ್ನುತ್ತಾಳೆ. ಯಾಕೆ ಅಂದರೆ ‘ಅದಕ್ಕೆ ರೆಕ್ಕೆ ಇಲ್ಲ, ಅದಕ್ಕೇ’. ನಮ್ಮಪ್ಪ ತೀರಿಕೊಂಡು ಹನ್ನೊಂದು ವರ್ಷ. ಅವರಿಗೆ ಈರುಳ್ಳಿ ಆಗುತ್ತಿರಲಿಲ್ಲ ಎಂದು ನಮ್ಮಮ್ಮ ಇವತ್ತಿಗೂ ಅವರ ತಿಥಿಯ ಅಡುಗೆ ಇರಲಿ, ಹುಟ್ಟಿದ ದಿನದ ಪಾಯಸದೂಟಕ್ಕೂ ಈರುಳ್ಳಿ ಹಾಕುವುದಿಲ್ಲ. ಯಾರಿಗಾಗಿ ಎಂದು ನಾನು ಅವರನ್ನು ಕೇಳಿಲ್ಲ. ಮಗಳನ್ನು ಮಾತ್ರ ಕೇಳಿದೆ.

ಆ ಫಿಲಿಪೀನ್ಸ್ ಹುಡುಗಿಗೆ ಪತ್ರ ಬರೆದದ್ದು ಮಗಳೇ. ಅಪ್ಪ ಹೀಗೆ ಮಾಡಿದ್ದಾರೆ, ಗೊತ್ತಿರಲಿಲ್ಲ, ತಪ್ಪು ನಮ್ಮದು, ನಿಯಮದ ಪ್ರಕಾರ ಪಾಚಿಯನ್ನು ಹಿಂದೆ ತೆಗೆದುಕೊಳ್ಳುವುದಾದರೆ ಒಪ್ಪುತ್ತೇನೆ ಎಂದು. ‘ನಮ್ಮದು’ ಅಂತ ಯಾಕೆ ಬರೆದೆ, ‘ನನ್ನಪ್ಪನದು’ ಅನ್ನು ಎಂದೆ, ತಿದ್ದಲಿಲ್ಲ. ಉತ್ತರ ಬರಲು ಆರು ದಿನ ಆಯಿತು. ಆ ಆರು ದಿನ ಫ್ರಿಜ್ಜಿನ ಮೇಲಿನ ಚಿತ್ರವನ್ನು ಅವಳು ತೆಗೆದು ಪುಸ್ತಕದೊಳಗೆ ಇಟ್ಟಿದ್ದಳು. ಬಂದ ಉತ್ತರ ಎರಡು ಸಾಲು: ಹೇಳಿದ್ದಕ್ಕೆ ಥ್ಯಾಂಕ್ಸ್, ಪಾಚಿ ನಿನ್ನ ಹತ್ತಿರವೇ ಇರಲಿ, ಸ್ಟಿಕ್ಕರುಗಳನ್ನು ಮಾತ್ರ ದಯವಿಟ್ಟು ತೆಗೆಸು.

ಟೀಮಿಗೆ ಮೇಲ್ ಕಳಿಸಿದೆ. ಯಾಕೆ ಎಂದು ವಿವರಿಸಲು ಮೂರು ಸಲ ಬರೆದು ಅಳಿಸಿ, ಕೊನೆಗೆ ‘ಇದು ನನ್ನ ಮಗಳ ಪ್ರಾಣಿ, ಅವಳನ್ನು ಕೇಳದೆ ಬಳಸಿದೆ’ ಎಂದಷ್ಟೇ ಬರೆದೆ. ಕೆಲವರು ನಗುವ ಇಮೋಜಿ ಹಾಕಿದರು. ಐವತ್ತೊಂಬತ್ತು ಸ್ಟಿಕ್ಕರು ವಾಪಸು ಬಂದವು ಅಥವಾ ಕಿತ್ತವು. ಒಂದು ಇನ್ನೂ ಹೈದರಾಬಾದಿನ ಒಬ್ಬ ಸಹೋದ್ಯೋಗಿಯ ಲ್ಯಾಪ್‌ಟಾಪಿನ ಮೇಲೆ ಇದೆ. ಕಿತ್ತರೆ ಅಂಟಿನ ಕಲೆ ಉಳಿಯುತ್ತದೆ ಅನ್ನುತ್ತಾನೆ. ಭಾನುವಾರ ಭಾನುವಾರ ಮಗಳು ಕೇಳುತ್ತಾಳೆ, ‘ಅವರು ತೆಗೆದ್ರಾ ಅಪ್ಪ?’ ಮುಂದಿನ ವಾರ ಹೈದರಾಬಾದಿಗೆ ಹೋಗುವುದಿದೆ. ಬ್ಯಾಗಿನಲ್ಲಿ ಒಂದು ಸಣ್ಣ ಸೀಸೆ ಸೀಮೆಎಣ್ಣೆ ಇಟ್ಟುಕೊಳ್ಳಬೇಕೆಂದಿದ್ದೆ. ವಿಮಾನದಲ್ಲಿ ಬಿಡುವುದಿಲ್ಲವಂತೆ, ಕೊಬ್ಬರಿ ಎಣ್ಣೆಯಲ್ಲೂ ಅಂಟು ಬಿಡುತ್ತದೆ ಎಂದು ನಮ್ಮಮ್ಮ ಹೇಳಿದ್ದಾರೆ.