ಹಣೆಬರಹ ಮತ್ತು ಅರ್ಥಿಂಗ್

ನಾನು ಹಾನಗಲ್ಲಿನ ವೈರ್‌ಮನ್. ನಮ್ಮದು ಮಲೆನಾಡಿನ ಸೆರಗು. ಆಷಾಢದ ಮಳೆಗೆ ಗೋಡೆಯೂ ಬೆವರುತ್ತದೆ. ಬಟ್ಟೆ ಒಣಹಾಕುವ ತಂತಿಯಲ್ಲಿ ಕರೆಂಟ್ ಹರಿದು ಹೆಣ್ಣುಮಗಳೊಬ್ಬಳು ಸತ್ತರೆ, ಸವಣೂರಿನಿಂದ ಹಿರೇಕೆರೂರಿನವರೆಗೂ ಒಂದೇ ಮಾತು: ‘ಹಣ್ಯಾಗ ಬರದಿತ್ತು.’ ಎಮ್ಮೆ ಸತ್ತರೆ ಮಾತ್ರ ಪರಿಹಾರ ಕೇಳುತ್ತಾರೆ!

ನಾನೇನು ನಾಸ್ತಿಕನಲ್ಲ, ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳಕ್ಕೆ ನಡೆದುಕೊಳ್ಳುವವನು. ಆದರೆ ಒದ್ದೆ ಮೈಯಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆಂದು ಗೊತ್ತಿದ್ದೂ ಸುಮ್ಮನಿರುವುದು ಭಕ್ತಿಯೇ? ಸೋರಿಕೆ 30 ಮಿಲಿಆಂಪಿಯರ್ ಮುಟ್ಟುವಷ್ಟರಲ್ಲಿ ಆರ್‌ಸಿಸಿಬಿ ಎಂಬ ಸುರಕ್ಷತಾ ಸ್ವಿಚ್ಚು ಕ್ಷಣಾರ್ಧದಲ್ಲಿ ಕರೆಂಟ್ ಕಡಿಯುತ್ತದೆ. ಫ್ಯೂಸಿಗೆ, ಎಂಸಿಬಿಗೆ ಅಷ್ಟು ಸಣ್ಣ ಸೋರಿಕೆ ತಿಳಿಯುವುದೇ ಇಲ್ಲ. ಗೃಹಪ್ರವೇಶಕ್ಕೆ ಹೋಮ ಮಾಡಿಸುವವರು ಅರ್ಥಿಂಗ್ ಗುಂಡಿಗೆ ಚೌಕಾಸಿ ಮಾಡುತ್ತಾರೆ. ಮಾಡದೆ ಬಿಟ್ಟದ್ದೂ ಕರ್ಮವೇ.

ಬಟ್ಟೆಗೆ ನೈಲಾನ್ ಹಗ್ಗ ಕಟ್ಟಿರಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿರಿ.