ಇಂದಿನ ಧಮ್ಮ ಚಿಂತನೆ: ಕಕ್ಕಯ್ಯನ ಮಗ ಎಂದರೆ ಅವಮಾನವೇ?



2015ರಲ್ಲಿ ಧಾರವಾಡದ ಮನೆಯಲ್ಲೇ ಗುಂಡಿಗೆ ಬಲಿಯಾದ ಎಂ.ಎಂ. ಕಲಬುರ್ಗಿಯವರ ಹೆಸರು ನಮಗೆಲ್ಲ ಗೊತ್ತು. ಅದಕ್ಕೂ ಬಹಳ ಹಿಂದೆ, 1989ರಲ್ಲಿ, ಅವರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದಾಗ ‘ಮಾರ್ಗ’ ಸಂಪುಟದ ಬರಹಗಳಿಗಾಗಿ ದೊಡ್ಡ ಗದ್ದಲ ಎದ್ದಿತು. ಬಸವಣ್ಣನವರ ಅಕ್ಕ ನಾಗಲಾಂಬಿಕೆಯ ಮಗ ಚೆನ್ನಬಸವಣ್ಣನ ತಂದೆ ಡೋಹರ ಕಕ್ಕಯ್ಯ ಇರಬಹುದು ಎಂದು ಅವರು ಒಂದು ಲೇಖನದಲ್ಲಿ ಆಕರ ಹಿಡಿದು ಬರೆದಿದ್ದರು. ಕಕ್ಕಯ್ಯ ಚರ್ಮ ಹದಮಾಡುವ ಕುಲದವರು. ಒತ್ತಡ ತಾಳಲಾರದೆ ಕಲಬುರ್ಗಿ ಬರೆದದ್ದನ್ನು ಹಿಂದಕ್ಕೆ ಪಡೆದರು. ಮನೆಯವರ ಜೀವ ಉಳಿಸಲು ಹಾಗೆ ಮಾಡಿದ್ದು, ಆದರೆ ಅಂದೇ ತನ್ನ ಬೌದ್ಧಿಕ ಆತ್ಮಹತ್ಯೆಯೂ ಆಯಿತು ಎಂದು ಅವರೇ ಹೇಳಿಕೊಂಡರು.

ಅವರ ಊಹೆ ತಪ್ಪಿದ್ದರೆ ಇನ್ನೊಬ್ಬ ವಿದ್ವಾಂಸ ಆಕರ ಇಟ್ಟು ತೋರಿಸಬಹುದಿತ್ತು. ನನ್ನ ಪ್ರಶ್ನೆ ಬೇರೆ. ತಂದೆ ಮೇಲ್ಜಾತಿಯವರು ಎಂದು ಬರೆದಿದ್ದರೆ ಇಷ್ಟು ನೋವಾಗುತ್ತಿತ್ತೇ? ಬಸವಣ್ಣನವರು ವಚನದಲ್ಲಿ ಕಕ್ಕಯ್ಯನನ್ನು ತನ್ನ ಅಪ್ಪನ ಸ್ಥಾನದಲ್ಲಿಟ್ಟು ಕರೆದಿದ್ದಾರೆ. ಶಾಲೆಯಲ್ಲಿ ವಚನ ಪಾಠ ಮಾಡುವಾಗಲೆಲ್ಲ ನನಗೆ ಇದೇ ಕಾಡುತ್ತದೆ: ವಚನದಲ್ಲಿ ಒಪ್ಪಿದ ಸಂಬಂಧ ವಂಶಾವಳಿಗೆ ಬಂದರೆ ಅವಮಾನವಾಗುತ್ತದೆ. ಜಾತಿ ಅಡಗಿ ಕೂತಿರುವುದು ಅಲ್ಲೇ.

ಬೇರೆಯವರ ಕಡೆ ಬೆರಳು ತೋರಿಸುವುದು ಸುಲಭ. ನಮ್ಮಲ್ಲಿ ಹೇಗೆ? ಮುದುಕ, ರೋಗಿ, ಹೆಣ ಕಂಡು ಸಿದ್ಧಾರ್ಥ ಮನೆ ಬಿಟ್ಟ ಎಂಬ ಹಳೆಯ ಕಥೆಯನ್ನು ಬಾಬಾಸಾಹೇಬರು ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಒಪ್ಪಲಿಲ್ಲ. 29 ವರ್ಷದವರೆಗೂ ಇವನ್ನು ಕಾಣದೇ ಇರಲು ಸಾಧ್ಯವೇ ಎಂದು ಕೇಳಿದರು. ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ನಡೆದ ಜಗಳವನ್ನು ಕಾರಣವಾಗಿ ಮುಂದಿಟ್ಟರು. ನಾಳೆ ನಮ್ಮ ಮನೆಯ ಹುಡುಗಿಯೇ ಪಿಎಚ್‌ಡಿ ಮಾಡಿ, ಈ ಕಾರಣಕ್ಕೂ ಆಧಾರ ಸಾಲದು ಎಂದು ಬರೆದರೆ? ಗುಂಪು ಕಟ್ಟಿ ಕ್ಷಮೆ ಕೇಳಿಸುತ್ತೇವೆಯೇ, ಅವಳು ಕೊಟ್ಟ ಆಕರ ತೆಗೆದು ಓದುತ್ತೇವೆಯೇ?

ಪ್ರತಿಮೆಗೆ ಚಪ್ಪಲಿ ಹಾರ ಹಾಕುವವನೂ ಪ್ರಶ್ನೆ ಕೇಳುವವಳೂ ಒಂದೇ ಅಲ್ಲ. ಮೊದಲನೆಯವನನ್ನು ಕಾನೂನಿನಿಂದ ಎದುರಿಸೋಣ. ಎರಡನೆಯವಳಿಗೆ ಓದಿ ಉತ್ತರ ಕೊಡೋಣ. ಗ್ರಂಥದಲ್ಲಿದೆ ಎಂದೋ ಗುರು ಹೇಳಿದ ಎಂದೋ ನಂಬಬೇಡಿ ಎಂದು ಕಾಲಾಮರಿಗೆ ಬುದ್ಧರು ತಿಳಿಸಿದ್ದು ತಮ್ಮ ಮಾತನ್ನೂ ಸೇರಿಸಿಯೇ ಅಲ್ಲವೇ?

ಬೆಳುವಾಯಿಯ ಈ ಭಾನುವಾರದ ಓದಿನಲ್ಲಿ ಇದನ್ನೇ ಮಾತಾಡೋಣ. ಮಕ್ಕಳನ್ನೂ ಕರೆತನ್ನಿ.

ಭವತು ಸಬ್ಬ ಮಂಗಲಂ 🙏